ಅರ್ಥಶಾಸ್ತ್ರ ಪದವಿಯಲ್ಲಿ ಗಣಿತ ಓದುವುದು ಹೇಗೆ? ಬೀಜಗಣಿತದಿಂದ ಲಗ್ರಾಂಜ್‌ವರೆಗೆ ಸಮಗ್ರ ಮಾರ್ಗದರ್ಶಿ

ಪಿಯುಸಿಯಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡವರು ಗಣಿತದ ಪುಸ್ತಕವನ್ನು ಕೊನೆಯ ಸಲ ಮುಚ್ಚಿಟ್ಟಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ. ಆಮೇಲೆ ಡಿಗ್ರಿಯಲ್ಲಿ ಅರ್ಥಶಾಸ್ತ್ರ ಆರಿಸಿಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೇ ಗಣಿತ ವಿಧಾನಗಳ ಪೇಪರ್ ಎದುರಿಗೆ ಬಂದು ನಿಲ್ಲುತ್ತದೆ. ಡಿಗ್ರಿಯಲ್ಲಿ ಹೇಗೋ ತಪ್ಪಿಸಿಕೊಂಡರೂ ಎಂಎಯಲ್ಲಿ ತಪ್ಪುವುದಿಲ್ಲ. ಗಣಿತ ಇರುವ ಎಂಇಬಿಎ ಅಥವಾ ಪಿಸಿಎಂಬಿ ಓದಿ ಬಂದವರ ತೊಂದರೆ ಬೇರೆ. ಅವರಿಗೆ ಡಿಫರೆನ್ಶಿಯೇಶನ್ (ಒಂದು ಬದಲಾದರೆ ಇನ್ನೊಂದು ಯಾವ ದರದಲ್ಲಿ ಬದಲಾಗುತ್ತದೆ ಎಂದು ಕಂಡುಹಿಡಿಯುವುದು) ಕೈಗೆ ಬರುತ್ತದೆ. ಆದರೆ ಬಂದ ಉತ್ತರ ಬೇಡಿಕೆಯ ಬಗ್ಗೆ, ವೆಚ್ಚದ ಬಗ್ಗೆ ಏನು ಹೇಳುತ್ತಿದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಈ ಬರಹ ಇಬ್ಬರಿಗೂ. ನಾನು ಇಲ್ಲಿ ಒತ್ತಿ ಹೇಳುವುದು ಒಂದೇ ಮಾತು. ಗಣಿತದ ಪ್ರತಿ ಸಾಲನ್ನೂ ಅರ್ಥಶಾಸ್ತ್ರದ ಒಂದು ವಾಕ್ಯವಾಗಿ ಓದಬೇಕು, ಅರ್ಥಶಾಸ್ತ್ರದ ಪ್ರತಿ ವಾಕ್ಯವನ್ನೂ ಗಣಿತದ ಒಂದು ಸಾಲಾಗಿ ಬರೆದು ನೋಡಬೇಕು. ಈ ಹೋಗಿಬರುವ ಅಭ್ಯಾಸ ಆದರೆ ಪೇಪರ್ ಪಾಸಾಗುವುದು ದೊಡ್ಡ ವಿಷಯವಲ್ಲ. ಆಗದಿದ್ದರೆ ಸೂತ್ರಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಇದು ಹೊಸ ಮಾತೇನಲ್ಲ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1906ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್ಥರ್ ಬೌಲಿಗೆ ಬರೆದ ಪತ್ರದಲ್ಲಿ ತಮ್ಮ ನಿಯಮಗಳನ್ನು ಪಟ್ಟಿ ಮಾಡಿದ್ದರು. ಗಣಿತವನ್ನು ಬೇಗ ಬರೆದುಕೊಳ್ಳುವ ಭಾಷೆಯಾಗಿ ಬಳಸಿ, ಕೆಲಸ ಮುಗಿಯುವವರೆಗೆ ಅದನ್ನು ಬಿಡಬೇಡಿ, ಮುಗಿದ ಮೇಲೆ ಮಾತಿಗೆ ಇಳಿಸಿ, ನಿಜ ಬದುಕಿನ ಉದಾಹರಣೆ ಕೊಡಿ, ಆಮೇಲೆ ಗಣಿತವನ್ನು ಸುಟ್ಟುಬಿಡಿ ಎನ್ನುವುದು ಅದರ ಸಾರ. ಇದನ್ನು ಹೇಳಿದವರು ಗಣಿತ ಬಾರದವರಲ್ಲ. 1865ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಪಡೆದವರು. ಸುಡುವ ಮಾತನ್ನು ವಿದ್ಯಾರ್ಥಿಗಳು ಪಾಲಿಸುವುದು ಬೇಡ, ಪರೀಕ್ಷೆಗೆ ನೋಟ್ಸ್ ಬೇಕಲ್ವಾ. ಉಳಿದ ನಿಯಮಗಳು ಇವತ್ತಿಗೂ ಹಾಗೇ ಸಲ್ಲುತ್ತವೆ.

ಮೊದಲ ಹೆಜ್ಜೆ: ಸಿಲಬಸ್ ಕೈಯಲ್ಲಿರಲಿ

ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಸಿಲಬಸ್ ಇಳಿಸಿಕೊಳ್ಳಿ. ಜೊತೆಗೆ ಹಿಂದಿನ ಕೆಲವು ವರ್ಷಗಳ ಪ್ರಶ್ನೆಪತ್ರಿಕೆ ಹುಡುಕಿ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಯೂನಿಟ್‌ನಿಂದ ಯಾವ ತರಹದ ಪ್ರಶ್ನೆ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಒಂದೇ ಹೆಸರಿನ ಪೇಪರ್ ಒಂದೊಂದು ಕಡೆ ಒಂದೊಂದು ತರಹ ಇರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತ ಇಲ್ಲದೆ ಪ್ರವೇಶವೇ ಇಲ್ಲ. ಹಾಗಾಗಿ ಅಲ್ಲಿ ಮೊದಲ ಸೆಮಿಸ್ಟರ್‌ನಿಂದಲೇ ವೇಗ ಜಾಸ್ತಿ, ಸಾಧಿಸಿ ತೋರಿಸಿ (ಪ್ರೂಫ್) ಎಂದು ಕೇಳುವ ಪ್ರಶ್ನೆಗಳೂ ಇರುತ್ತವೆ. ಪಿಯುಸಿಯಲ್ಲಿ ಗಣಿತ ಇಲ್ಲದವರನ್ನೂ ಸೇರಿಸಿಕೊಳ್ಳುವ ಕಡೆ ಲೆಕ್ಕ ಬಿಡಿಸುವ ಪ್ರಶ್ನೆಗಳೇ ಹೆಚ್ಚು. ನಿಮ್ಮದು ಯಾವ ತರಹದ್ದು ಎಂದು ತಿಳಿಯದೆ ಪುಸ್ತಕ ಕೊಳ್ಳಬೇಡಿ.

ಪುಸ್ತಕದ ವಿಷಯಕ್ಕೆ ಬಂದರೆ ಹೆಚ್ಚು ಕಡೆ ಕೇಳಿಬರುವ ಹೆಸರು ಎರಡು: ಆಲ್ಫಾ ಚಿಯಾಂಗ್ ಅವರದ್ದು, ಸಿಡ್ಸೇಟರ್ ಮತ್ತು ಹ್ಯಾಮಂಡ್ ಅವರದ್ದು. ಚಿಯಾಂಗ್ ಮಾತಾಡುತ್ತಾ ಹೇಳಿಕೊಡುತ್ತಾರೆ. ಒಬ್ಬರೇ ಕೂತು ಓದುವವರಿಗೆ ಅದು ಹಿತ. ಸಿಡ್ಸೇಟರ್ ಪುಸ್ತಕದಲ್ಲಿ ಅಭ್ಯಾಸದ ಲೆಕ್ಕಗಳು ತುಂಬಾ ಚೆನ್ನಾಗಿವೆ. ಒಂದನ್ನು ಮುಖ್ಯ ಮಾಡಿಕೊಳ್ಳಿ. ಇನ್ನೊಂದು ಲೈಬ್ರರಿಯಲ್ಲಿ ಇದ್ದರೆ ಸಾಕು. ದುಡ್ಡು ಹಾಕುವುದು ಕಷ್ಟವಾದರೆ ಇಗ್ನೋ ಪಠ್ಯಗಳು ಈಜ್ಞಾನಕೋಶದಲ್ಲಿ ಉಚಿತವಾಗಿ ಸಿಗುತ್ತವೆ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿ ಗಣಿತ ಪುಸ್ತಕಗಳೂ ಉಚಿತವೇ.

ಎರಡನೇ ಹೆಜ್ಜೆ: ಹತ್ತನೇ ಕ್ಲಾಸಿಗೆ ಒಂದು ಸಲ ವಾಪಸ್ ಹೋಗಿ

ಇದನ್ನು ಬಿಟ್ಟು ಮುಂದೆ ಓಡುವವರೇ ಜಾಸ್ತಿ. ಕ್ಯಾಲ್ಕುಲಸ್ ಕಷ್ಟ ಎನ್ನುವ ಎಷ್ಟೋ ಜನರ ನಿಜವಾದ ಕಷ್ಟ ಇರುವುದು ಭಿನ್ನರಾಶಿಯಲ್ಲಿ ಮತ್ತು ಘಾತಾಂಕದಲ್ಲಿ. ಡೆರಿವೇಟಿವ್ (ಡಿಫರೆನ್ಶಿಯೇಶನ್ ಮಾಡಿ ಸಿಗುವ ಉತ್ತರ) ಸರಿಯಾಗಿ ತೆಗೆದಿರುತ್ತಾರೆ. ಅದನ್ನು ಸೊನ್ನೆಗೆ ಸಮ ಮಾಡಿದ ಮೇಲೆ ಸಮೀಕರಣ ಬಿಡಿಸಲು ಆಗುವುದಿಲ್ಲ. ಹಾಗಾಗಿ ಈ ನಾಲ್ಕು ವಿಷಯಗಳು ಪೆನ್ನು ನಿಲ್ಲಿಸದೆ ಬರಬೇಕು: ಭಿನ್ನರಾಶಿಗಳ ಕೂಡು ಕಳೆ, ಘಾತಾಂಕದ ನಿಯಮ (ಭಿನ್ನ ಮತ್ತು ಋಣ ಘಾತಗಳೂ ಸೇರಿ), ಎರಡು ಸಮೀಕರಣ ಜೊತೆಯಾಗಿ ಬಿಡಿಸುವುದು, ವರ್ಗ ಸಮೀಕರಣ. ಕನ್ನಡ ಮಾಧ್ಯಮದಲ್ಲಿ ಓದಿದವರು ಕರ್ನಾಟಕ ಪಠ್ಯಪುಸ್ತಕ ಸಂಘದ ಹತ್ತನೇ ತರಗತಿ ಪುಸ್ತಕವನ್ನೇ ತೆರೆದು ಅಭ್ಯಾಸ ಮಾಡಬಹುದು. ನಾಚಿಕೆಪಡುವಂಥದ್ದು ಏನೂ ಇಲ್ಲ.

ಸರಳರೇಖೆಯ ಹತ್ತಿರ ಮಾತ್ರ ಸ್ವಲ್ಪ ನಿಲ್ಲಿ. ಬೇಡಿಕೆ ಹೀಗಿದೆ ಎಂದುಕೊಳ್ಳಿ: ಪ್ರಮಾಣ = 100 − 2 × ಬೆಲೆ. ಇಲ್ಲಿ ಪ್ರಮಾಣ ನಿರ್ಧಾರವಾಗುವುದು ಬೆಲೆಯಿಂದ. ಗಣಿತದ ಪದ್ಧತಿಯ ಪ್ರಕಾರ ಬೆಲೆ ಅಡ್ಡ ಅಕ್ಷದಲ್ಲಿ ಇರಬೇಕು. ಆದರೆ ಅರ್ಥಶಾಸ್ತ್ರದ ಚಿತ್ರದಲ್ಲಿ ಬೆಲೆ ಲಂಬ ಅಕ್ಷದಲ್ಲಿ ಇರುತ್ತದೆ. ಇದು ಮಾರ್ಷಲ್ ಕಾಲದಿಂದ ಗಟ್ಟಿಯಾಗಿ ಬೇರೂರಿದ ರೂಢಿ. ಹಾಗಾಗಿ ಚಿತ್ರ ಬರೆಯುವ ಮುಂಚೆ ಸಮೀಕರಣವನ್ನು ತಿರುಗಿಸಿಕೊಳ್ಳಬೇಕು: ಬೆಲೆ = 50 − 0.5 × ಪ್ರಮಾಣ. ಸಮೀಕರಣದಲ್ಲಿ −2 ಇದ್ದದ್ದು ಚಿತ್ರದ ಇಳಿಜಾರಿನಲ್ಲಿ −0.5 ಆಯಿತು. ಗಣಿತ ಚೆನ್ನಾಗಿ ಬರುವವರೂ ಮೊದಲ ವಾರ ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಕಾರಣ ಒಮ್ಮೆ ಗೊತ್ತಾದರೆ ಮತ್ತೆ ತಪ್ಪಾಗುವುದಿಲ್ಲ.

ಮೂರನೇ ಹೆಜ್ಜೆ: ಲಾಗರಿದಮ್ ಜೊತೆ ಸ್ನೇಹ

ಅರ್ಥಶಾಸ್ತ್ರದಲ್ಲಿ ನಾವು ಸದಾ ಶೇಕಡಾ ಲೆಕ್ಕದಲ್ಲೇ ಮಾತಾಡುತ್ತೇವೆ. ಬೆಲೆ ಎಷ್ಟು ಪರ್ಸೆಂಟ್ ಏರಿತು, ಜಿಡಿಪಿ ಎಷ್ಟು ಪರ್ಸೆಂಟ್ ಬೆಳೆಯಿತು ಎಂದು. ಸ್ವಾಭಾವಿಕ ಲಾಗ್ ಈ ಶೇಕಡಾ ಬದಲಾವಣೆಯನ್ನೇ ಹಿಡಿದುಕೊಡುತ್ತದೆ. ಲಾಗ್‌ನಲ್ಲಿ 0.03ರಷ್ಟು ಹೆಚ್ಚಾದರೆ ಮೂಲ ಸಂಖ್ಯೆ ಸುಮಾರು ಶೇ. 3ರಷ್ಟು ಹೆಚ್ಚಾಗಿದೆ ಎಂದರ್ಥ. ಬದಲಾವಣೆ ಚಿಕ್ಕದಿದ್ದಾಗ ಮಾತ್ರ ಈ 'ಸುಮಾರು' ಸರಿ. ದೊಡ್ಡದಾದಂತೆ ವ್ಯತ್ಯಾಸ ಬೆಳೆಯುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ಆದಾಯ ವರ್ಷಕ್ಕೆ ಶೇ. 7ರಂತೆ ಬೆಳೆದರೆ ಎರಡು ಪಟ್ಟಾಗಲು ಎಷ್ಟು ವರ್ಷ? 2ರ ಸ್ವಾಭಾವಿಕ ಲಾಗ್ 0.693. ಅದನ್ನು 1.07ರ ಲಾಗ್‌ನಿಂದ, ಅಂದರೆ 0.0677ರಿಂದ ಭಾಗಿಸಿ. ಹತ್ತು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. 70ನ್ನು ಬೆಳವಣಿಗೆ ದರದಿಂದ ಭಾಗಿಸಿದರೆ ಎರಡು ಪಟ್ಟಾಗುವ ವರ್ಷ ಸಿಗುತ್ತದೆ ಎಂಬ ಪ್ರಸಿದ್ಧ ಸೂತ್ರ ಹುಟ್ಟಿದ್ದು ಇಲ್ಲಿಂದಲೇ. ಇದನ್ನು ನೀವೇ ಒಮ್ಮೆ ಸಾಧಿಸಿ ನೋಡಿದರೆ ಎಕನಾಮೆಟ್ರಿಕ್ಸ್‌ಗೆ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ಹೋದಾಗ ತುಂಬಾ ಅನುಕೂಲ. ಅಲ್ಲಿ ಎರಡೂ ಬದಿಗೆ ಲಾಗ್ ಹಾಕಿದ ಸಮೀಕರಣದ ಗುಣಾಂಕವೇ ಸ್ಥಿತಿಸ್ಥಾಪಕತ್ವ, ಅಂದರೆ ಒಂದು ಶೇ. 1ರಷ್ಟು ಬದಲಾದರೆ ಇನ್ನೊಂದು ಶೇಕಡಾ ಎಷ್ಟು ಬದಲಾಗುತ್ತದೆ ಎನ್ನುವ ಅಳತೆ.

ನಾಲ್ಕನೇ ಹೆಜ್ಜೆ: ಡೆರಿವೇಟಿವ್ ಎಂದರೆ 'ಸೀಮಾಂತ'

ಅರ್ಥಶಾಸ್ತ್ರದಲ್ಲಿ ಸೀಮಾಂತ ವೆಚ್ಚ, ಸೀಮಾಂತ ಆದಾಯ, ಸೀಮಾಂತ ತುಷ್ಟಿಗುಣ (ಇನ್ನೊಂದು ಘಟಕದಿಂದ ಹೆಚ್ಚುವ ವೆಚ್ಚ, ಆದಾಯ, ತೃಪ್ತಿ) ಎಂದು ಎಲ್ಲೆಲ್ಲಿ ಓದುತ್ತೀರೋ ಅಲ್ಲೆಲ್ಲ ಒಂದು ಡೆರಿವೇಟಿವ್ ಕೂತಿದೆ. ಇದೊಂದು ಗೊತ್ತಾದರೆ ಮೈಕ್ರೊ ಪುಸ್ತಕದ ಅರ್ಧ ಹಗುರವಾಗುತ್ತದೆ. ಡೆರಿವೇಟಿವ್ ತೆಗೆಯುವ ನಿಯಮಗಳು ಕೆಲವೇ: ಘಾತ ನಿಯಮ, ಗುಣಾಕಾರ ನಿಯಮ, ಭಾಗಾಕಾರ ನಿಯಮ, ಚೈನ್ ರೂಲ್, ಜೊತೆಗೆ ಲಾಗ್ ಮತ್ತು ಎಕ್ಸ್‌ಪೊನೆನ್ಶಿಯಲ್. ದಿನಕ್ಕೆ ಹತ್ತು ಹದಿನೈದರಂತೆ ಬಿಡಿಸುತ್ತಾ ಹೋದರೆ ಬೇಗನೆ ಕೈ ಕೂರುತ್ತದೆ. ಚೈನ್ ರೂಲ್‌ಗೆ ಮಾತ್ರ ಜಾಸ್ತಿ ಸಮಯ ಕೊಡಿ. ಮುಂದೆ ಎಲ್ಲ ಕಡೆ ಅದೇ ಬರುತ್ತದೆ.

ಅರ್ಥದ ಕಡೆ ಬರೋಣ. ಮೇಲಿನ ಬೇಡಿಕೆಯನ್ನೇ ತೆಗೆದುಕೊಳ್ಳಿ. ಇದು ಒಂದು ಮಂಡಿಯ ಟೊಮ್ಯಾಟೊ ಬೇಡಿಕೆ, ಬೆಲೆ ಕಿಲೋಗೆ ರೂಪಾಯಿಯಲ್ಲಿ, ಪ್ರಮಾಣ ಟನ್‌ನಲ್ಲಿ ಎಂದುಕೊಳ್ಳಿ. ಬೆಲೆ 20 ಇದ್ದಾಗ ಮಾರಾಟ 60. ಸ್ಥಿತಿಸ್ಥಾಪಕತ್ವ ಕಂಡುಹಿಡಿಯಲು ಡೆರಿವೇಟಿವ್ ಆದ −2ನ್ನು 20/60ರಿಂದ ಗುಣಿಸಬೇಕು. ಬರುವುದು ಸುಮಾರು −0.67. ಇಲ್ಲಿಗೆ ನಿಲ್ಲಿಸಬೇಡಿ. ವಾಕ್ಯ ಬರೆಯಿರಿ: 'ಬೆಲೆ ಶೇ. 1ರಷ್ಟು ಏರಿದರೆ ಕೊಳ್ಳುವ ಪ್ರಮಾಣ ಶೇ. 0.67ರಷ್ಟು ಮಾತ್ರ ಇಳಿಯುತ್ತದೆ. ಬೆಲೆ ಏರಿದ ಮಟ್ಟಕ್ಕೆ ಮಾರಾಟ ಇಳಿಯಲಿಲ್ಲ, ಹಾಗಾಗಿ ಒಟ್ಟು ಹಣ ಹೆಚ್ಚುತ್ತದೆ.'

ಈಗ ಇನ್ನೊಂದು ದಾರಿಯಿಂದ ಪರೀಕ್ಷಿಸಿ. ಒಟ್ಟು ಆದಾಯ ಎಂದರೆ ಬೆಲೆ ಗುಣಿಸು ಪ್ರಮಾಣ, ಅಂದರೆ 100 × ಬೆಲೆ − 2 × ಬೆಲೆಯ ವರ್ಗ. ಡೆರಿವೇಟಿವ್ 100 − 4 × ಬೆಲೆ. ಸೊನ್ನೆ ಆಗುವುದು ಬೆಲೆ 25 ಆದಾಗ. ಅಲ್ಲಿ ಪ್ರಮಾಣ 50, ಸ್ಥಿತಿಸ್ಥಾಪಕತ್ವ ಸರಿಯಾಗಿ −1. ಬೆಲೆ 20 ಇದ್ದರೂ 30 ಇದ್ದರೂ ಸಿಗುವುದು 1,200 (ಸಾವಿರ ರೂಪಾಯಿ ಲೆಕ್ಕದಲ್ಲಿ). ಬೆಲೆ 25ಕ್ಕೆ 1,250. ಮೈಕ್ರೊ ತರಗತಿಯಲ್ಲಿ ಬಾಯಿಪಾಠ ಮಾಡಿದ 'ಸ್ಥಿತಿಸ್ಥಾಪಕತ್ವ ಒಂದಾದಾಗ (ಋಣ ಚಿಹ್ನೆ ಬಿಟ್ಟು) ಒಟ್ಟು ಆದಾಯ ಗರಿಷ್ಠ' ಎಂಬ ಮಾತು ಕಣ್ಣೆದುರೇ ಬಂದು ನಿಂತಿತು.

ಇದಕ್ಕೆ ಕೋಲಾರದ ಕಡೆಯವರಿಗೆ ವಿವರಣೆಯೇ ಬೇಡ. ಎಲ್ಲರಿಗೂ ಒಳ್ಳೆ ಫಸಲು ಬಂದ ವರ್ಷ ಮಂಡಿಯಲ್ಲಿ ಬೆಲೆ ಬಿದ್ದು, ರಸ್ತೆ ಬದಿಯಲ್ಲಿ ಟೊಮ್ಯಾಟೊ ಸುರಿದ ಸುದ್ದಿ ಓದುತ್ತೇವೆ. ಫಸಲು ಹೆಚ್ಚಾದರೂ ಒಟ್ಟು ಹಣ ಕಡಿಮೆ. ಸ್ಥಿತಿಸ್ಥಾಪಕತ್ವ ಒಂದಕ್ಕಿಂತ ಕಡಿಮೆ ಇದ್ದರೆ ಹೀಗೇ ಆಗಬೇಕು ಎಂದು ಆ ಎರಡು ಸಾಲಿನ ಲೆಕ್ಕ ಹೇಳುತ್ತದೆ.

ಐದನೇ ಹೆಜ್ಜೆ: ಸೊನ್ನೆಗೆ ಸಮ ಮಾಡಿದರೆ ಕೆಲಸ ಮುಗಿಯಲಿಲ್ಲ

ಗರಿಷ್ಠ ಕಂಡುಹಿಡಿ ಎಂದರೆ ಡೆರಿವೇಟಿವ್ ಸೊನ್ನೆ ಮಾಡಿ ಉತ್ತರ ಬರೆದು ಎದ್ದುಬಿಡುವುದು ಸಾಮಾನ್ಯ. ಎರಡನೇ ಡೆರಿವೇಟಿವ್ ಯಾಕೆ ಬೇಕು ಎನ್ನುವುದಕ್ಕೆ ಈ ಲೆಕ್ಕ ನೋಡಿ. ಪ್ರಮಾಣವನ್ನು ಕ್ಯೂ ಎಂದು ಕರೆಯೋಣ. ಮಾರುಕಟ್ಟೆ ಬೆಲೆ 20. ಒಟ್ಟು ವೆಚ್ಚ = ಕ್ಯೂ³ − 9ಕ್ಯೂ² + 35ಕ್ಯೂ + 10.

ಸೀಮಾಂತ ವೆಚ್ಚ 3ಕ್ಯೂ² − 18ಕ್ಯೂ + 35. ಇದನ್ನು 20ಕ್ಕೆ ಸಮ ಮಾಡಿ 3ರಿಂದ ಭಾಗಿಸಿದರೆ ಕ್ಯೂ² − 6ಕ್ಯೂ + 5 = 0. ಉತ್ತರ ಎರಡು: 1 ಮತ್ತು 5. ಎರಡು ಕಡೆಯೂ 'ಬೆಲೆ = ಸೀಮಾಂತ ವೆಚ್ಚ' ಸರಿಯಾಗಿದೆ. ಲಾಭ ಎಷ್ಟು? 1 ಘಟಕ ಮಾಡಿದರೆ 17 ನಷ್ಟ. 5 ಘಟಕ ಮಾಡಿದರೆ 15 ಲಾಭ. ಏನೂ ಮಾಡದೆ ಬಾಗಿಲು ಹಾಕಿಕೊಂಡರೆ ನಷ್ಟ 10 ಮಾತ್ರ. ಅಂದರೆ ಮೊದಲ ಉತ್ತರ ಸುಮ್ನೆ ಕೂರುವುದಕ್ಕಿಂತಲೂ ಕೆಟ್ಟದ್ದು!

ಲಾಭದ ಎರಡನೇ ಡೆರಿವೇಟಿವ್ 18 − 6ಕ್ಯೂ. ಕ್ಯೂ 1 ಇದ್ದಾಗ ಅದು +12, ಹಾಗಾಗಿ ಅಲ್ಲಿರುವುದು ಲಾಭದ ತಳ. ಕ್ಯೂ 5 ಇದ್ದಾಗ −12, ಅದು ಲಾಭದ ತುದಿ. ಇದನ್ನು ವಾಕ್ಯ ಮಾಡಿ: 'ಗರಿಷ್ಠ ಲಾಭದ ಜಾಗದಲ್ಲಿ ಸೀಮಾಂತ ವೆಚ್ಚ ಏರುತ್ತಿರಬೇಕು.' ಮೈಕ್ರೊ ಪುಸ್ತಕ ಇದನ್ನೇ 'ಎಂಸಿ (ಸೀಮಾಂತ ವೆಚ್ಚ) ರೇಖೆ ಎಂಆರ್ (ಸೀಮಾಂತ ಆದಾಯ) ರೇಖೆಯನ್ನು ಕೆಳಗಿನಿಂದ ಕತ್ತರಿಸಬೇಕು' ಎನ್ನುತ್ತದೆ. ಕ್ಯೂ ಸೊನ್ನೆ ಇದ್ದಾಗ ಏನಾಗುತ್ತದೆ ಎಂದೂ ನೋಡಿದೆವಲ್ಲ, ಅಂಚಿನಲ್ಲಿ ನೋಡುವ ಆ ಅಭ್ಯಾಸವನ್ನೂ ಬಿಡಬೇಡಿ.

ಆರನೇ ಹೆಜ್ಜೆ: ಲಗ್ರಾಂಜ್. ಇಲ್ಲಿ ನಿಧಾನವಾಗಿ ನಡೆಯಿರಿ

ಇಡೀ ಪೇಪರ್‌ನಲ್ಲಿ ಒಂದೇ ಅಧ್ಯಾಯಕ್ಕೆ ಪೂರ್ತಿ ಮನಸ್ಸು ಕೊಡಲು ಸಾಧ್ಯ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಅರ್ಥಶಾಸ್ತ್ರ ಎಂದರೇ ಇರುವುದರಲ್ಲಿ ಒಳ್ಳೆಯದನ್ನು ಆರಿಸುವುದು. ನಿರ್ಬಂಧದ ಒಳಗೆ ಗರಿಷ್ಠವನ್ನು ಹುಡುಕುವ ವಿಧಾನ 18ನೇ ಶತಮಾನದ ಜೋಸೆಫ್ ಲೂಯಿ ಲಗ್ರಾಂಜ್ ಅವರದ್ದು. ಇದಕ್ಕೂ ಮುಂಚೆ ಪಾರ್ಶಿಯಲ್ ಡೆರಿವೇಟಿವ್ ಬರಬೇಕು. ಅದು ಹೊಸ ನಿಯಮವೇನಲ್ಲ. ಒಂದು ಚರವನ್ನು ಬಿಟ್ಟು ಉಳಿದದ್ದನ್ನೆಲ್ಲ ಸ್ಥಿರ ಸಂಖ್ಯೆ ಎಂದುಕೊಂಡು ಹಳೆಯ ನಿಯಮವನ್ನೇ ಹಾಕುವುದು. 'ಇತರ ಅಂಶಗಳು ಸ್ಥಿರವಾಗಿದ್ದಾಗ' ಎಂದು ಅರ್ಥಶಾಸ್ತ್ರದ ಮೇಷ್ಟ್ರು ಯಾವಾಗಲೂ ಹೇಳುತ್ತಾರಲ್ಲ, ಅದೇ.

ಹಾಸ್ಟೆಲ್ ಹುಡುಗಿಯೊಬ್ಬಳ ಹತ್ತಿರ ತಿಂಗಳಿಗೆ ಹೊರಗೆ ತಿನ್ನಲು 600 ರೂಪಾಯಿ ಇದೆ. ಕಾಫಿಗೆ 20, ಇಡ್ಲಿ ಪ್ಲೇಟಿಗೆ 30. ಅವಳ ತುಷ್ಟಿಗುಣ = ಕಾಫಿ × ಇಡ್ಲಿ. ಅಂದರೆ ಎರಡೂ ಇದ್ದರೆ ಮಾತ್ರ ಸಂತೋಷ, ಒಂದೇ ಆದರೆ ಸೊನ್ನೆ.

ಮೊದಲು ಲಗ್ರಾಂಜ್ ಫಂಕ್ಷನ್ ಬರೆಯಿರಿ, ಬಜೆಟ್ಟನ್ನು ಲ್ಯಾಂಬ್ಡಾ ಎಂಬ ಹೊಸ ಚರದಿಂದ ಗುಣಿಸಿ ಸೇರಿಸಿ: ಕಾಫಿ × ಇಡ್ಲಿ + ಲ್ಯಾಂಬ್ಡಾ × (600 − 20 × ಕಾಫಿ − 30 × ಇಡ್ಲಿ).

ಕಾಫಿಯ ಮೇಲೆ ಡೆರಿವೇಟಿವ್ ತೆಗೆದರೆ: ಇಡ್ಲಿ = 20 × ಲ್ಯಾಂಬ್ಡಾ.
ಇಡ್ಲಿಯ ಮೇಲೆ ತೆಗೆದರೆ: ಕಾಫಿ = 30 × ಲ್ಯಾಂಬ್ಡಾ.
ಲ್ಯಾಂಬ್ಡಾ ಮೇಲೆ ತೆಗೆದರೆ ಬಜೆಟ್ ವಾಪಸ್ ಬರುತ್ತದೆ: 20 × ಕಾಫಿ + 30 × ಇಡ್ಲಿ = 600.

ಮೊದಲ ಎರಡನ್ನು ಮೂರನೆಯದರಲ್ಲಿ ಹಾಕಿ: 600 × ಲ್ಯಾಂಬ್ಡಾ + 600 × ಲ್ಯಾಂಬ್ಡಾ = 600. ಲ್ಯಾಂಬ್ಡಾ 0.5. ಕಾಫಿ 15, ಇಡ್ಲಿ 10, ತುಷ್ಟಿಗುಣ 150.

ಇಲ್ಲಿಂದ ಮುಂದಿನದು ಮುಖ್ಯ. ಉತ್ತರದಲ್ಲಿ ಅರ್ಥ ಹುಡುಕಿ. ಮೊದಲ ಎರಡು ಸಮೀಕರಣಗಳನ್ನು ಭಾಗಿಸಿದರೆ ಇಡ್ಲಿ/ಕಾಫಿ = 20/30. ಎಡಗಡೆ ಇರುವುದು ಔದಾಸೀನ್ಯ ರೇಖೆಯ (ಒಂದೇ ತುಷ್ಟಿಗುಣ ಕೊಡುವ ಜೋಡಿಗಳ ರೇಖೆ) ಇಳಿಜಾರು, ಬಲಗಡೆ ಬಜೆಟ್ ರೇಖೆಯ ಇಳಿಜಾರು. ಎರಡು ರೇಖೆಗಳು ತಾಕುವ ಆ ಹಳೆಯ ಚಿತ್ರ ಇದೇ. ಆಮೇಲೆ ಖರ್ಚು ನೋಡಿ. ಕಾಫಿಗೆ 300, ಇಡ್ಲಿಗೆ 300. ಅರ್ಧ ಅರ್ಧ. ಇದು ಕಾಕತಾಳೀಯವಲ್ಲ. ಇದು ಚಾರ್ಲ್ಸ್ ಕಾಬ್ ಮತ್ತು ಪಾಲ್ ಡಗ್ಲಸ್ 1928ರಲ್ಲಿ ಉತ್ಪಾದನೆಗೆ ಬಳಸಿದ ಫಂಕ್ಷನ್ನಿನ ರೂಪ. ಇಂಥ ಫಂಕ್ಷನ್ನಿನಲ್ಲಿ ಖರ್ಚಿನ ಪಾಲು ಘಾತಾಂಕಗಳಿಂದ ನಿರ್ಧಾರವಾಗುತ್ತದೆ, ಬೆಲೆಯಿಂದಲ್ಲ. ಕಾಫಿ ಬೆಲೆ 25ಕ್ಕೆ ಏರಿದರೂ ಅವಳು ಕಾಫಿಗೆ ಕೊಡುವುದು 300ನ್ನೇ. ಕಪ್ಪುಗಳು 12ಕ್ಕೆ ಇಳಿಯುತ್ತವೆ.

ಲ್ಯಾಂಬ್ಡಾ 0.5 ಎಂದರೆ ಏನು? ಹೆಚ್ಚಿನವರು ಇದನ್ನು ದಾಟಿ ಹೋಗುವ ಮೆಟ್ಟಿಲು ಎಂದುಕೊಂಡು ಬಿಟ್ಟುಬಿಡುತ್ತಾರೆ. ಅವಳ ಕೈಗೆ ಇನ್ನೊಂದು ರೂಪಾಯಿ ಕೊಟ್ಟು ನೋಡಿ. ಬಜೆಟ್ 601. ಕಾಫಿ 15.025, ಇಡ್ಲಿ ಸುಮಾರು 10.017. ಎರಡನ್ನೂ ಗುಣಿಸಿದರೆ 150.5. ತುಷ್ಟಿಗುಣ ಏರಿದ್ದು 0.5. ಒಂದು ರೂಪಾಯಿ ಹೆಚ್ಚು ಸಿಕ್ಕರೆ ಎಷ್ಟು ಲಾಭ ಎನ್ನುವುದೇ ಲ್ಯಾಂಬ್ಡಾ. ಇದೇ ಲ್ಯಾಂಬ್ಡಾ ಕಾರ್ಖಾನೆಯ ಲೆಕ್ಕದಲ್ಲಿ ಬಂದರೆ ಇನ್ನೊಂದು ಘಟಕ ತಯಾರಿಸುವ ಸೀಮಾಂತ ವೆಚ್ಚ ಆಗುತ್ತದೆ. ನೀರಿನ ಹಂಚಿಕೆಯ ಲೆಕ್ಕದಲ್ಲಿ ಬಂದರೆ ಇನ್ನೊಂದು ಘಟಕ ನೀರಿನ ನೆರಳು ಬೆಲೆ, ಅಂದರೆ ಅದು ಹೆಚ್ಚು ಸಿಕ್ಕರೆ ಆಗುವ ಲಾಭ. ಪರೀಕ್ಷೆಯಲ್ಲಿ 'ಲ್ಯಾಂಬ್ಡಾವನ್ನು ವಿವರಿಸಿ' ಎಂಬ ಪ್ರಶ್ನೆ ಬಂದಾಗ ಈ 601ರ ಲೆಕ್ಕವನ್ನು ಎರಡು ಸಾಲಿನಲ್ಲಿ ಬರೆಯಿರಿ.

ಈಗ ಅದೇ ಹಾಸ್ಟೆಲ್‌ನ ಅವಳ ಗೆಳತಿಯನ್ನು ನೋಡಿ. ಅವಳಿಗೆ ಕಾಫಿಯೂ ಅಷ್ಟೇ ಇಡ್ಲಿಯೂ ಅಷ್ಟೇ. ತುಷ್ಟಿಗುಣ = ಕಾಫಿ + ಇಡ್ಲಿ. ಲಗ್ರಾಂಜ್ ಹಾಕಿದರೆ 1 = 20 × ಲ್ಯಾಂಬ್ಡಾ ಮತ್ತು 1 = 30 × ಲ್ಯಾಂಬ್ಡಾ ಎಂದು ಬರುತ್ತದೆ. ಎರಡೂ ಒಟ್ಟಿಗೆ ಸರಿಯಾಗಲು ಸಾಧ್ಯವಿಲ್ಲ. ನೀವು ತಪ್ಪು ಮಾಡಿಲ್ಲ. ಉತ್ತರ ಒಂದು ಮೂಲೆಯಲ್ಲಿದೆ ಅಷ್ಟೇ. ಅವಳು ಅಗ್ಗದ್ದನ್ನೇ ಕೊಳ್ಳುತ್ತಾಳೆ: 30 ಕಾಫಿ, ಇಡ್ಲಿ ಸೊನ್ನೆ. ಇಂಥ ಮೂಲೆಯ ಉತ್ತರಗಳನ್ನು ಹಿಡಿಯಲು ಮುಂದೆ ಕುನ್-ಟಕರ್ ನಿಯಮ ಬರುತ್ತದೆ. ಈಗಲೇ ಈ ಉದಾಹರಣೆ ತಲೆಯಲ್ಲಿದ್ದರೆ ಅದು ಸುಲಭ. ಯಾವುದೇ ಲೆಕ್ಕಕ್ಕೆ ಲಗ್ರಾಂಜ್ ಹಾಕುವ ಮುಂಚೆ ಔದಾಸೀನ್ಯ ರೇಖೆಯ ಆಕಾರವನ್ನು ಒಂದು ಸಲ ಕೈಯಲ್ಲಿ ಬರೆದುಕೊಳ್ಳಿ.

ಏಳನೇ ಹೆಜ್ಜೆ: ಮ್ಯಾಟ್ರಿಕ್ಸ್

ಗುಣಾಕಾರ, ಡಿಟರ್ಮಿನೆಂಟ್, ವಿಲೋಮ, ಕ್ರೇಮರ್ ನಿಯಮ. ಪರೀಕ್ಷೆಯ ದೃಷ್ಟಿಯಲ್ಲಿ ಅಂಕ ತರುವ ಭಾಗ ಇದು. ಕೂಡು ಕಳೆಯಲ್ಲಿ ಚಿಹ್ನೆ ತಪ್ಪದಂತೆ ನೋಡಿಕೊಂಡರೆ ಸಾಕು. ಅರ್ಥ ಸಿಗಬೇಕು ಎಂದರೆ ವಾಸಿಲಿ ಲಿಯೊಂಟಿಫ್ ಅವರ ಇನ್‌ಪುಟ್-ಔಟ್‌ಪುಟ್ ಮಾದರಿ (ಒಂದು ವಲಯದ ಉತ್ಪನ್ನ ಇನ್ನೊಂದಕ್ಕೆ ಎಷ್ಟು ಬೇಕು ಎಂಬ ಲೆಕ್ಕ) ಮಾಡಿ. ಅವರಿಗೆ 1973ರಲ್ಲಿ ನೊಬೆಲ್ ಬಂದದ್ದು ಇದಕ್ಕೇ.

ಎರಡು ವಲಯ ಇಟ್ಟುಕೊಳ್ಳಿ: ಕೃಷಿ ಮತ್ತು ಕೈಗಾರಿಕೆ. ಒಂದು ರೂಪಾಯಿಯ ಕೃಷಿ ಉತ್ಪನ್ನಕ್ಕೆ 0.2 ಕೃಷಿ (ಬೀಜ, ಮೇವು) ಮತ್ತು 0.4 ಕೈಗಾರಿಕೆ (ಗೊಬ್ಬರ, ಪಂಪು) ಬೇಕು. ಒಂದು ರೂಪಾಯಿಯ ಕೈಗಾರಿಕೆ ಉತ್ಪನ್ನಕ್ಕೆ 0.3 ಕೃಷಿ, 0.1 ಕೈಗಾರಿಕೆ. ಜನರ ಅಂತಿಮ ಬೇಡಿಕೆ ಕೃಷಿಗೆ 60, ಕೈಗಾರಿಕೆಗೆ 30. ಒಟ್ಟು ಎಷ್ಟು ಉತ್ಪಾದನೆ ಆಗಬೇಕು? ಐಡೆಂಟಿಟಿ ಮ್ಯಾಟ್ರಿಕ್ಸ್‌ನಿಂದ ಈ ಗುಣಾಂಕಗಳನ್ನು ಕಳೆಯಿರಿ. ಡಿಟರ್ಮಿನೆಂಟ್ 0.8 × 0.9 − 0.3 × 0.4 = 0.6. ವಿಲೋಮ ತೆಗೆದು ಗುಣಿಸಿದರೆ ಕೃಷಿ 105, ಕೈಗಾರಿಕೆ 80. ಜನ ಕೇಳಿದ್ದು 60, ಬೆಳೆಯಬೇಕಾದ್ದು 105. ನಡುವಿನ 45 ಎಲ್ಲಿ ಹೋಯಿತು? ಕೃಷಿಯೇ 21 ತಿಂದಿತು, ಕೈಗಾರಿಕೆಗೆ 24 ಹೋಯಿತು. ಈ ಕೊನೆಯ ಪರೀಕ್ಷೆಯನ್ನು ಪ್ರತಿ ಲೆಕ್ಕಕ್ಕೂ ಮಾಡಿ. ನಮ್ಮ ದೇಶದ ಅಂಕಿಅಂಶ ಇಲಾಖೆಯೂ ಹೀಗೇ, ಇನ್ನೂ ಎಷ್ಟೋ ವಲಯಗಳಿರುವ ಕೋಷ್ಟಕಗಳನ್ನು ಪ್ರಕಟಿಸಿದೆ.

ಎಂಟನೇ ಹೆಜ್ಜೆ: ಕಾಲ ಸೇರಿಕೊಂಡಾಗ

ಇಂಟಿಗ್ರೇಶನ್‌ಗೆ ಈ ಪೇಪರ್‌ನಲ್ಲಿ ಸಾಮಾನ್ಯವಾಗಿ ಎರಡು ಕೆಲಸ. ಸೀಮಾಂತದಿಂದ ಒಟ್ಟಿಗೆ ಹೋಗುವುದು, ಅನುಭೋಗಿಯ ಹೆಚ್ಚಳ (ಕೊಡಲು ಸಿದ್ಧವಿದ್ದ ಹಣಕ್ಕೂ ನಿಜವಾಗಿ ಕೊಟ್ಟ ಹಣಕ್ಕೂ ಇರುವ ವ್ಯತ್ಯಾಸ) ಲೆಕ್ಕ ಹಾಕುವುದು. ಸ್ಥಿರಾಂಕ ಸೇರಿಸುವುದನ್ನು ಮರೆಯಬೇಡಿ. ವೆಚ್ಚದ ಲೆಕ್ಕದಲ್ಲಿ ಆ ಸ್ಥಿರಾಂಕವೇ ಸ್ಥಿರ ವೆಚ್ಚ.

ಡಿಫರೆನ್ಸ್ ಸಮೀಕರಣಗಳಲ್ಲಿ (ಈ ಸಲದ ಬೆಲೆಯನ್ನು ಹೋದ ಸಲದ್ದರಿಂದ ಹೇಳುವಂಥವು) ಜೇಡರಬಲೆ ಮಾದರಿ ಒಂದನ್ನು ಚೆನ್ನಾಗಿ ಮಾಡಿದರೆ ಉಳಿದದ್ದಕ್ಕೆ ದಾರಿ ಸಿಗುತ್ತದೆ. ರೈತರು ಹೋದ ಸಲದ ಬೆಲೆ ನೋಡಿ ಈ ಸಲ ಬಿತ್ತುತ್ತಾರೆ. ಬೇಡಿಕೆ 100 − 2 × ಈ ಸಲದ ಬೆಲೆ, ಪೂರೈಕೆ −20 + ಹೋದ ಸಲದ ಬೆಲೆ. ಎರಡನ್ನೂ ಸಮ ಮಾಡಿದರೆ ಈ ಸಲದ ಬೆಲೆ = 60 − 0.5 × ಹೋದ ಸಲದ ಬೆಲೆ. ಸಮತೋಲನ 40. ಬೆಲೆ 50ರಿಂದ ಶುರುವಾದರೆ 35, 42.5, 38.75 ಎಂದು ಮೇಲೆ ಕೆಳಗೆ ಆಡುತ್ತಾ 40ರ ಹತ್ತಿರ ಬರುತ್ತದೆ. ಈಗ ರೈತರು ಬೆಲೆಗೆ ಜಾಸ್ತಿ ಸ್ಪಂದಿಸುತ್ತಾರೆ, ಪೂರೈಕೆ −100 + 3 × ಹೋದ ಸಲದ ಬೆಲೆ ಎಂದುಕೊಳ್ಳಿ. ಸಮತೋಲನ ಆಗಲೂ 40. ಆದರೆ 50ರಿಂದ ಶುರುವಾದ ಬೆಲೆ 25, 62.5, 6.25 ಎಂದು ಎಲ್ಲೆಲ್ಲಿಗೋ ಹೋಗುತ್ತದೆ. ವ್ಯತ್ಯಾಸ ಇರುವುದು ಹಿಂದಿನ ಬೆಲೆಯ ಗುಣಾಂಕದಲ್ಲಿ. ಅದು −0.5 ಇದ್ದಾಗ ಶಾಂತ, −1.5 ಆದಾಗ ಕೋಲಾಹಲ. ಗಾತ್ರ ಒಂದಕ್ಕಿಂತ ಕಡಿಮೆ ಇದ್ದರೆ ಮಾತ್ರ ಬೆಲೆ ನೆಲೆಗೆ ಬರುತ್ತದೆ ಎಂಬ ನಿಯಮವನ್ನು ಈ ಎರಡು ಸಾಲು ಸಂಖ್ಯೆಗಳಿಂದಲೇ ನೆನಪಿಡಬಹುದು.

ದಿನದಿನದ ಓದು

ಗಣಿತದ ಪುಸ್ತಕವನ್ನು ಕಾದಂಬರಿಯ ಹಾಗೆ ಓದಲು ಬರುವುದಿಲ್ಲ. ಪೆನ್ನು ಹಿಡಿದೇ ಓದಬೇಕು. ಬಿಡಿಸಿದ ಉದಾಹರಣೆ ಸಿಕ್ಕಾಗ ಪ್ರಶ್ನೆ ಮಾತ್ರ ನೋಡಿ ಉತ್ತರವನ್ನು ಹಾಳೆಯಿಂದ ಮುಚ್ಚಿ. ನೀವೇ ಪ್ರಯತ್ನಿಸಿ. ಸಿಕ್ಕಿಹಾಕಿಕೊಂಡರೆ ಒಂದು ಸಾಲು ತೆರೆಯಿರಿ, ಮತ್ತೆ ಮುಂದುವರಿಸಿ. ಯೂಟ್ಯೂಬಿನಲ್ಲಿ ಮೇಷ್ಟ್ರು ಲೆಕ್ಕ ಬಿಡಿಸುವುದನ್ನು ನೋಡಿದರೆ ಎಲ್ಲವೂ ಅರ್ಥವಾದ ಹಾಗೆ ಅನಿಸುತ್ತದೆ. ವಿಡಿಯೊ ನಿಲ್ಲಿಸಿ ಖಾಲಿ ಹಾಳೆಯಲ್ಲಿ ಅದೇ ಲೆಕ್ಕ ಬಿಡಿಸಿದಾಗ ನಿಜ ಗೊತ್ತಾಗುತ್ತದೆ.

ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಕ್ಕೆ ಲೆಕ್ಕ, ಬಲಕ್ಕೆ ಅದರ ಅರ್ಥ ಕನ್ನಡದಲ್ಲಿ. ಬಲಗಡೆ ಖಾಲಿ ಉಳಿದ ಜಾಗವೇ ನಿಮಗೆ ಇನ್ನೂ ತಿಳಿಯದ ಜಾಗ. ಕನ್ನಡದಲ್ಲಿ ಯೋಚಿಸಿದರೆ ಇಂಗ್ಲಿಷ್ ಉತ್ತರಕ್ಕೆ ತೊಂದರೆ ಆಗುತ್ತದೆ ಎಂಬ ಹೆದರಿಕೆ ಬೇಡ. ತಿಳಿದ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯುವುದು ಅಭ್ಯಾಸದಿಂದ ಬರುತ್ತದೆ. ತಿಳಿಯದ್ದನ್ನು ಯಾವ ಭಾಷೆಯಲ್ಲೂ ಬರೆಯಲಾಗುವುದಿಲ್ಲ. ಪುಸ್ತಕದಲ್ಲಿ ಪದೇಪದೇ ಬರುವ ಇಂಗ್ಲಿಷ್ ಪದಗಳನ್ನು ಕೊನೆಯ ಪುಟದಲ್ಲಿ ಪಟ್ಟಿ ಮಾಡಿಕೊಳ್ಳಿ, ಅಷ್ಟು ಸಾಕು.

ಚಿತ್ರ ಬರೆಯಲು ಜಿಯೋಜೀಬ್ರಾ ಉಚಿತ, ಮೊಬೈಲಿನಲ್ಲೇ ನಡೆಯುತ್ತದೆ. ಬೇಡಿಕೆಯ ಸಂಖ್ಯೆ ಬದಲಾಯಿಸಿ ರೇಖೆ ಹೇಗೆ ಸರಿಯುತ್ತದೆ ಎಂದು ನೋಡಿ. ಆದರೆ ಮೊದಲು ಕೈಯಲ್ಲಿ ಬರೆದು, ಆಮೇಲೆ ಫೋನಿನಲ್ಲಿ ಪರೀಕ್ಷಿಸಿ. ಇಬ್ಬರು ಮೂವರು ಗೆಳೆಯರು ವಾರಕ್ಕೊಮ್ಮೆ ಕೂತು ಒಬ್ಬರಿಗೊಬ್ಬರು ಬೋರ್ಡ್ ಮೇಲೆ ಬಿಡಿಸಿ ತೋರಿಸುವುದು ತುಂಬಾ ಒಳ್ಳೆಯದು. 'ಈ ಸಾಲು ಯಾಕೆ?' ಎಂದು ಯಾರಾದರೂ ಕೇಳಿದಾಗ ತಡವರಿಸಿದರೆ, ಆ ಸಾಲಿಗೆ ವಾಪಸ್ ಹೋಗಬೇಕು ಎಂದರ್ಥ.

ಪರೀಕ್ಷೆ ಮತ್ತು ಅದರಾಚೆ

ಉತ್ತರ ಬರೆಯುವಾಗ ಮೊದಲು ಚರಗಳು ಏನೆಂದು ಹೇಳಿ. ಆಮೇಲೆ ಮೊದಲ ಕ್ರಮದ ಷರತ್ತು (ಡೆರಿವೇಟಿವ್ ಸೊನ್ನೆ), ಎರಡನೇ ಕ್ರಮದ ಷರತ್ತು (ಎರಡನೇ ಡೆರಿವೇಟಿವ್‌ನ ಚಿಹ್ನೆ), ಉತ್ತರ, ಕೊನೆಗೆ ಒಂದು ವಾಕ್ಯದ ಅರ್ಥ. ನಡುವಿನ ಸಾಲುಗಳನ್ನು ಹಾರಿಸಬೇಡಿ. ಕೂಡುವಲ್ಲಿ ತಪ್ಪಿದರೂ ವಿಧಾನ ಸರಿ ಇದ್ದರೆ ಅಂಕ ಸಿಗುವ ಸಾಧ್ಯತೆ ಇರುತ್ತದೆ. ಬೆಲೆ ಋಣವಾಗಿ ಬಂದರೆ, ಪ್ರಮಾಣ ಋಣವಾಗಿ ಬಂದರೆ ಅಲ್ಲೇ ನಿಲ್ಲಿ. ಎಲ್ಲೋ ಚಿಹ್ನೆ ತಪ್ಪಿದೆ, ಇಲ್ಲವೇ ಉತ್ತರ ಮೂಲೆಯಲ್ಲಿದೆ.

ಎಂಎಗೆ ಒಳ್ಳೆಯ ಕಡೆ ಹೋಗಬೇಕೆನ್ನುವವರಿಗೆ ಈ ಪೇಪರ್ ಬಾಗಿಲು ತೆರೆಯುತ್ತದೆ. ಐಐಟಿಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಜಾಮ್‌ನಲ್ಲಿ 2021ರಿಂದ ಅರ್ಥಶಾಸ್ತ್ರ ಇದೆ, ಅದರಲ್ಲಿ ಗಣಿತಕ್ಕೇ ಒಂದು ಭಾಗ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಎಂಎಸ್‌ಕ್ಯೂಇ (ಕ್ವಾಂಟಿಟೇಟಿವ್ ಎಕನಾಮಿಕ್ಸ್ ಸ್ನಾತಕೋತ್ತರ ಪದವಿ) ಪ್ರವೇಶದಲ್ಲಿ ಒಂದು ಪೂರ್ತಿ ಪತ್ರಿಕೆ ಗಣಿತದ್ದೇ. ಸಂಸ್ಥೆಯ ಹಳೆಯ ಪ್ರಶ್ನೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅವುಗಳಲ್ಲಿ ಸೂತ್ರ ಹಾಕಿ ಬಿಡಿಸುವ ಲೆಕ್ಕ ಕಡಿಮೆ, ಫಂಕ್ಷನ್ನಿನ ಆಕಾರ ನೋಡಿ ಯೋಚಿಸುವ ಪ್ರಶ್ನೆ ಹೆಚ್ಚು. ಎರಡನೇ ವರ್ಷದಿಂದಲೇ ವಾರಕ್ಕೆ ಎರಡು ಮೂರು ಪ್ರಶ್ನೆ ತೆಗೆದುಕೊಂಡು ಕೂರಿ. ಒಂದು ಪ್ರಶ್ನೆಗೆ ಇಡೀ ಸಂಜೆ ಹೋದರೂ ಪರವಾಗಿಲ್ಲ. ಎಚ್‌ಇಪಿಎಸ್‌ನಿಂದ ಬಂದವರು ಇದಕ್ಕೂ ಮುಂಚೆ ಎನ್‌ಸಿಇಆರ್‌ಟಿಯ 12ನೇ ತರಗತಿ ಪುಸ್ತಕದ ಮ್ಯಾಟ್ರಿಕ್ಸ್, ಡೆರಿವೇಟಿವ್ ಮತ್ತು ಅದರ ಅನ್ವಯ, ಇಂಟಿಗ್ರೇಶನ್, ಸಂಭವನೀಯತೆಯ ಅಧ್ಯಾಯಗಳನ್ನು ಅಭ್ಯಾಸದ ಲೆಕ್ಕಗಳ ಸಮೇತ ಮುಗಿಸಿಕೊಳ್ಳಿ. ಅಷ್ಟಾದ ಮೇಲೆ ಈ ಪ್ರಶ್ನೆಗಳನ್ನು ಹಿಡಿಯಿರಿ.